ಗೋಡೆಯ ಪಕ್ಕದ ಕುರ್ಚಿ

ಕುರ್ಚಿಗೆ ಬೆತ್ತ ಹೆಣೆಯುವುದು ಒಬ್ಬರೇ ಮಾಡಬಹುದಾದ ಕೆಲಸ. ಒಂದು ಕೈ ಮೇಲೆ, ಒಂದು ಕೈ ಕೆಳಗೆ ಇಟ್ಟುಕೊಂಡು ಮಾಡುವವರು ಬೇಕಾದಷ್ಟಿದ್ದಾರೆ. ನಾವು ಹಾಗೆ ಮಾಡುತ್ತಿರಲಿಲ್ಲ. ಕುರ್ಚಿಯನ್ನು ಎರಡು ಎತ್ತರದ ಬೆಂಚುಗಳ ನಡುವೆ, ಕಾಲುಗಳು ತೂಗಾಡುವಂತೆ ಕೂರಿಸುತ್ತಿದ್ದೆವು. ನೆನೆಸಿದ ಎಳೆಯನ್ನು ಮೇಲಿನಿಂದ ತೂತಿಗೆ ಇಳಿಸುವುದು ನನ್ನ ಕೆಲಸ. ಕೆಳಗೆ ಗಿಡ್ಡ ಮಣೆಯ ಮೇಲೆ ಕುಳಿತು ಅದನ್ನು ಜಗ್ಗಿ, ಬಿಗಿ ಮಾಡಿ, ಪಕ್ಕದ ತೂತಿನಿಂದ ಮತ್ತೆ ಮೇಲಕ್ಕೆ ಕಳಿಸುವುದು ನನ್ನ ಹೆಂಡತಿಯದು. ಮದುವೆಯಾದ ಹೊಸದರಲ್ಲಿ ಶುರುವಾದ ಈ ಪದ್ಧತಿ ಅವಳು ಹೋಗುವ ದಿನದವರೆಗೂ ನಡೆಯಿತು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಮಾತು ಮಾತ್ರ ಬೆತ್ತದ ಜೊತೆ ಮೇಲೆ ಕೆಳಗೆ ಓಡಾಡುತ್ತಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜಗಳ.

ಅವಳು ಹೋದ ದಿನ ಬೆಂಚಿನ ಮೇಲಿದ್ದದ್ದು ಟೈಲರಮ್ಮನ ಕುರ್ಚಿ. ಬೀದಿಯ ತಿರುವಿನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಆಕೆ ಮಿಷನ್ನಿನ ಮುಂದೆ ಕೂರುವುದು ಆ ಕುರ್ಚಿಯಲ್ಲೇ. ಉದ್ದದ ಎಳೆ, ಅಡ್ಡದ ಎಳೆ ಮುಗಿದಿದ್ದವು. ಮೂಲೆಯಿಂದ ಮೂಲೆಗೆ ಓಡುವ ಓರೆ ಎಳೆಗಳಷ್ಟೇ ಬಾಕಿ. "ಊಟ ಮಾಡಿ ಒಂದು ಗಳಿಗೆ ಮಲಗಿ ಬರ್ತೀನಿ, ಆಮೇಲೆ ಓರೆ ಹಿಡಿಯೋಣ," ಎಂದು ಒಳಗೆ ಹೋದವಳು ಮಲಗಿದಲ್ಲಿಂದ ಏಳಲಿಲ್ಲ. ಎಬ್ಬಿಸಲು ಹೋದ ನಾನು, "ಬೆತ್ತ ಒಣಗುತ್ತಿದೆ, ಏಳೇ," ಎಂದು ಎಷ್ಟು ಹೊತ್ತು ಗೊಣಗುತ್ತ ನಿಂತಿದ್ದೆನೋ ನೆನಪಿಲ್ಲ.

ಆಮೇಲೆ ನನಗೆ ಬೇಕೆನಿಸಿದ್ದು ಒಂದೇ ಒಂದು. ಆ ಕುರ್ಚಿಯನ್ನು, ಅವಳು ಬಿಗಿದ ಎಳೆಗಳು ಹಾಗೇ ಉಳಿಯುವಂತೆ, ಮುಗಿಸಬೇಕು. ಮುಗಿಸಿ ಟೈಲರಮ್ಮನಿಗೆ ಕೊಡಬೇಕು. ಬೇರೆಯವರ ಕೈಗೆ ಹೋದರೆ ಒಣಗಿದ್ದನ್ನೆಲ್ಲ ಕತ್ತರಿಸಿ ಎಸೆದು ಹೊಸದಾಗಿ ಶುರು ಮಾಡುತ್ತಾರೆ. ಒಬ್ಬನೇ ಮಾಡಿ ನೋಡಿದೆ. ನನ್ನ ಎಡಗೈಯ ಗೆಣ್ಣುಗಳು ಊದಿಕೊಂಡು ಎಷ್ಟೋ ವರ್ಷವಾಗಿದೆ. ಕೆಳಗೆ ಹೋದ ಕೈ ಎಳೆಯನ್ನು ಹಿಡಿಯಲಿಲ್ಲ. ಕೆಳಗೊಬ್ಬರು ಬೇಕೇ ಬೇಕು.

ನನಗೆ ಇಬ್ಬರು ಮಕ್ಕಳು. ಮಗಳು ದೊಡ್ಡವಳು, ನನ್ನ ಜೊತೆಯಲ್ಲೇ ಇದ್ದಾಳೆ. ಇಲ್ಲದವರಿಗೆ ಬಟ್ಟೆಬರೆ, ಔಷಧಿ ಒದಗಿಸುವ ಸಂಘವೊಂದನ್ನು ನಡೆಸುತ್ತಾಳೆ. ಮಗ ಎರಡು ಬೀದಿ ಆಚೆ ಇದ್ದಾನೆ, ಅಂಗಡಿ ಮಳಿಗೆಗಳನ್ನು ಬಾಡಿಗೆಗೆ ಹಿಡಿದುಕೊಡುವ ಬ್ರೋಕರು. ಕಾಲೇಜಿನಲ್ಲಿದ್ದಾಗ ಇಬ್ಬರೂ ಒಂದು ಚರ್ಚಾಸ್ಪರ್ಧೆಯಲ್ಲಿ ಎದುರುಬದುರು ನಿಂತಿದ್ದರು. ಮನುಷ್ಯ ತನ್ನ ಸುಖಕ್ಕೆ ದುಡಿದರೆ ಲೋಕಕ್ಕೆ ಒಳ್ಳೆಯದೋ, ಲೋಕದ ಸುಖಕ್ಕೆ ದುಡಿದರೆ ಒಳ್ಳೆಯದೋ ಎನ್ನುವುದು ವಿಷಯ. ಅವನು ಸ್ವಂತ ಸುಖದ ಕಡೆ, ಇವಳು ಸೇವೆಯ ಕಡೆ. ಬಹುಮಾನ ಮೂರನೆಯವರಿಗೆ ಹೋಯಿತು. ಇವರಿಬ್ಬರು ಮಾತ್ರ ಇಂದಿಗೂ ಆ ವೇದಿಕೆಯಿಂದ ಇಳಿದಿಲ್ಲ. ಈಗ ತಾಯಿ ಹೋದಮೇಲೆ ಚರ್ಚೆಗೆ ಅವಳೇ ವಿಷಯವಾದಳು.

"ಅಮ್ಮ ಜೀವನಪೂರ್ತಿ ಕುರ್ಚಿ ಕೆಳಗೆ ಕೂತಳು, ಅಕ್ಕ," ಎನ್ನುವನು ಮಗ, ಊಟಕ್ಕೆ ಕೂತಾಗ. "ಯಾರೋ ಕೂರೋ ಕುರ್ಚಿ. ತನಗೇನು ಬೇಕು ಅಂತ ಒಂದು ದಿನ ಕೇಳ್ಕೊಳ್ಳಲಿಲ್ಲ. ಅದನ್ನ ತ್ಯಾಗ ಅಂತ ಹೊಗಳಬೇಡ. ಅದು ನಷ್ಟ."

"ನಷ್ಟ ಅಂತೆ. ಬ್ರೋಕರ್ ಬಾಯಲ್ಲಿ ಇನ್ನೇನು ಬರುತ್ತೆ. ಅವಳು ಹಾಗಿದ್ದಿದ್ದಕ್ಕೇ ನೀನು ಓದಿದ್ದು."

"ನಾನು ಓದಿದ್ದು ನನಗೋಸ್ಕರ. ಅವಳೂ ತನಗೋಸ್ಕರ ಬದುಕಿದ್ರೆ ಇನ್ನೂ ಇರ್ತಿದ್ಲು."

"ಎಲ್ಲರೂ ಅವರವರಿಗೇ ಬದುಕಿದ್ರೆ, ಸತ್ತಾಗ ಹೊರೋರು ಯಾರಪ್ಪ?"

"ದುಡ್ಡು ಕೊಟ್ರೆ ಹೊರೋರಿದ್ದಾರೆ. ನಿನಗಿಂತ ಮುತುವರ್ಜಿಯಿಂದ ಹೊರ್ತಾರೆ."

ಇವರು ಯಾರ ವಿಷಯ ಮಾತಾಡುತ್ತಿದ್ದಾರೆ ಎಂದು ನನಗೆ ಅನುಮಾನವಾಗುತ್ತಿತ್ತು. ನನ್ನ ಹೆಂಡತಿ ಹಾಲಿನ ಕೆನೆಯನ್ನು ಯಾರಿಗೂ ಬಿಟ್ಟವಳಲ್ಲ. ಅವಳ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ದೇವರೇ ಬಂದಿದ್ದರೂ ಬಾಗಿಲಲ್ಲಿ ನಿಲ್ಲಬೇಕಾಗಿತ್ತು. ಕೆಳಗೆ ಕೂರುವುದನ್ನು ಆರಿಸಿಕೊಂಡದ್ದೂ ಅವಳೇ. "ಇಲ್ಲಿ ಕೂತ್ರೆ ಬೆಂಚಿನ ಕಾಲಿಗೆ ಬೆನ್ನು ಕೊಡಬಹುದು. ಗಿರಾಕಿಗಳ ಮುಂದೆ ಹಲ್ಲು ಕಿರಿಯೋದು ನಿಮ್ಮ ಪಾಲಿಗಿರಲಿ," ಎಂದಿದ್ದಳು. ಹಾಗೆಂದು ಪಕ್ಕದ ಮನೆಯಾಕೆ ಹಾಸಿಗೆ ಹಿಡಿದಾಗ ತಿಂಗಳುಗಟ್ಟಲೆ ಊಟ ಹೊತ್ತದ್ದೂ ಅವಳೇ; ಮೆಟ್ಟಿಲು ಹತ್ತುವಾಗಲೂ ಇಳಿಯುವಾಗಲೂ ಆ ಪಕ್ಕದ ಮನೆಯಾಕೆಯನ್ನು ಬೈಯುತ್ತಲೇ. ಇದನ್ನು ಹೇಳಲು ನಾನು ಬಾಯಿ ತೆರೆದರೆ, "ನೀವು ಸುಮ್ಮನಿರಿ ಅಪ್ಪ, ನಿಮಗೆ ನೋವಾಗುತ್ತೆ," ಎಂದು ಇಬ್ಬರೂ ಒಟ್ಟಿಗೆ ಹೇಳುತ್ತಿದ್ದರು. ಅವರಿಗೆ ಒಮ್ಮತವಿದ್ದದ್ದು ಅದೊಂದರಲ್ಲಿ.

ಒಂದು ದಿನ ಮಗನನ್ನು ಕೇಳಿದೆ. "ಒಂದು ಮಧ್ಯಾಹ್ನ ಬಂದು ಕೆಳಗೆ ಕೂತ್ಕೊಳ್ಳೋ. ಓರೆ ಎಳೆ ಮುಗಿಸಿಬಿಡೋಣ."

"ಅಮ್ಮನ್ನ ಅಲ್ಲಿ ಕೂರಿಸಿದ್ದು ಸಾಲದಾ ಅಪ್ಪ? ನೀವು ಈಗಲಾದ್ರೂ ನಿಮಗೋಸ್ಕರ ಬದುಕಿ."

"ನನಗೋಸ್ಕರವೇ ಕೇಳ್ತಿದ್ದೀನಿ ಕಣೋ. ಆ ಕುರ್ಚಿ ಮುಗಿಸೋದು ನನಗೆ ಬೇಕು."

"ಬೇಕು ಅಂತ ನಿಮಗೆ ಅನ್ನಿಸ್ತಿದೆ ಅಷ್ಟೇ. ಅದು ಅಭ್ಯಾಸ. ನಿಜವಾಗಿ ಏನು ಬೇಕು ಅಂತ ಯೋಚನೆ ಮಾಡಿ."

ನನ್ನ ಸುಖ ಯಾವುದೆಂದು ನನಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಗಳನ್ನು ಕೇಳಿದೆ. ಅವಳು ತಕ್ಷಣ ಒಪ್ಪಿದಳು. "ಮಾಡೋಣಪ್ಪ, ಖಂಡಿತ. ಈ ವಾರ ಕಂಬಳಿ ಹಂಚೋದಿದೆ, ಅದೊಂದು ಮುಗೀಲಿ." ಕಂಬಳಿ ಮುಗಿದ ಮೇಲೆ ಔಷಧಿ ಬಂತು, ಔಷಧಿಯ ಮೇಲೆ ಶಾಲೆಯ ಚೀಲಗಳು ಬಂದವು. ಲೋಕದಲ್ಲಿ ನನಗಿಂತ ಕಷ್ಟದಲ್ಲಿರುವವರು ಯಾವಾಗಲೂ ಇರುತ್ತಾರೆ. ಅವರೆಲ್ಲರನ್ನೂ ದಾಟಿ ನನ್ನ ಸರದಿ ಬರುವಂತಿರಲಿಲ್ಲ.

ಬೆಳಿಗ್ಗೆ ದೇವರ ಮುಂದೆ ಕಣ್ಣು ಮುಚ್ಚಿ ನಿಂತು ಅವಳಿಗೆ ಸದ್ಗತಿ ಕೊಡಪ್ಪ ಎಂದು ಬೇಡಿದ ಮೇಲೆ, ನಾಲಿಗೆಯ ತುದಿಗೆ ಆ ಕುರ್ಚಿ ಬರುತ್ತಿತ್ತು. ದೇವರ ಮುಂದೆ ಕುರ್ಚಿಯ ಮಾತೆತ್ತುವುದು ಸಣ್ಣತನವೆನಿಸಿ ನುಂಗಿಕೊಳ್ಳುತ್ತಿದ್ದೆ. ಒಂದು ದಿನ ಕೇಳಿಯೇಬಿಟ್ಟೆ. ನನ್ನ ಮನಸ್ಸು ಅವನಿಗೆ ಗೊತ್ತಿಲ್ಲದ್ದೇನಲ್ಲ. ಮುಚ್ಚಿಟ್ಟು ಏನು ಪ್ರಯೋಜನ?

ನಮ್ಮ ಕೆಲಸದ ಕೋಣೆಯಲ್ಲಿ ಒಂದು ನಿಯಮವಿತ್ತು. ಕೆಲಸ ನಡೆಯುತ್ತಿರುವ ಕುರ್ಚಿ ಕೋಣೆಯ ಮಧ್ಯದಲ್ಲಿರಬೇಕು. ಮುಗಿದದ್ದು ಬಾಗಿಲ ಬಳಿ. ರಿಪೇರಿಗೆ ಕೊಟ್ಟು ವರ್ಷಗಳಾದರೂ ಯಾರೂ ಕೇಳಿಕೊಂಡು ಬಾರದ ಕುರ್ಚಿಗಳು ಗೋಡೆಯ ಪಕ್ಕಕ್ಕೆ ಹೋಗುತ್ತಿದ್ದವು. ಗೋಡೆಯ ಪಕ್ಕಕ್ಕೆ ಹೋದದ್ದನ್ನು ಬೇಕಾದವರಿಗೆ ಕೊಟ್ಟುಬಿಡಬಹುದು. ಮಕ್ಕಳಿಬ್ಬರೂ ನಡೆಯಲು ಕಲಿತದ್ದೇ ಆ ಕುರ್ಚಿಗಳನ್ನು ಹಿಡಿದುಕೊಂಡು. ಅವರಿಗೆ ಇದನ್ನು ಬರೆದು ತೋರಿಸಬೇಕಾಗಿರಲಿಲ್ಲ.

ಮಗಳು ಒಂದು ಬೆಳಿಗ್ಗೆ, ವೃದ್ಧಾಶ್ರಮದಲ್ಲಿ ಕೂರಲು ಕುರ್ಚಿ ಸಾಲದಂತೆ, ಗೋಡೆ ಪಕ್ಕದವನ್ನು ಕೊಡಲೇ ಎಂದು ಕೇಳಿದಳು. ಧಾರಾಳವಾಗಿ ಕೊಡು ಎಂದೆ. ಸಂತೋಷದಿಂದಲೇ ಹೇಳಿದೆ. ಹೇಳಿ, ವೃದ್ಧಾಪ್ಯ ಪೆನ್ಷನ್ನಿನ ಕಚೇರಿಯ ಕಡೆ ಹೋದೆ.

ನಾನಿಲ್ಲದ ಹೊತ್ತಿನಲ್ಲಿ ಮಗ ಬಂದಿದ್ದ. ಕೋಣೆಯನ್ನು ಬಾಡಿಗೆಗೆ ಕೊಟ್ಟು ನನ್ನನ್ನು ಆರಾಮಾಗಿಡಬೇಕೆಂಬುದು ಅವನ ಆಸೆ. ಅಳತೆಯ ಟೇಪು ಹಿಡಿಯಲು ಅಡ್ಡ ಬಂತೆಂದು ಟೈಲರಮ್ಮನ ಕುರ್ಚಿಯನ್ನು ಬೆಂಚಿನಿಂದ ಇಳಿಸಿ ಗೋಡೆಯ ಪಕ್ಕಕ್ಕೆ ಸರಿಸಿದ. ಅಳೆದು ಹೋದ. ಮಧ್ಯಾಹ್ನ ಸಂಘದ ವ್ಯಾನು ಬಂತು. ಗೋಡೆಯ ಪಕ್ಕದಲ್ಲಿದ್ದದ್ದನ್ನೆಲ್ಲ ಮಗಳು ತುಂಬಿಸಿ ಕಳಿಸಿದಳು.

ಸಂಜೆ ನಾನು ಬಂದು ನೋಡಿದರೆ ಎರಡು ಬೆಂಚುಗಳ ನಡುವೆ ಏನೂ ಇರಲಿಲ್ಲ. ಹೆಂಡತಿಯ ಗಿಡ್ಡ ಮಣೆಯಷ್ಟೇ ಇತ್ತು.

ಅದೇ ಹೊತ್ತಿಗೆ ಬಾಗಿಲಲ್ಲಿ ಟೈಲರಮ್ಮ. ಇಷ್ಟು ದಿನ ನಮ್ಮ ಮನೆಯ ಸಾವಿನ ಮರ್ಯಾದೆಗೆ ಅವಳು ಕುರ್ಚಿಯ ಸುದ್ದಿ ಎತ್ತಿರಲಿಲ್ಲ. "ಅವಸರ ಏನಿಲ್ಲ ಯಜಮಾನ್ರೇ. ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು ಸೊಂಟ ಹೋಯ್ತು ಅಂತ ಒಂದು ಮಾತು ಕಿವಿಗೆ ಹಾಕಿ ಹೋಗೋಣ ಅಂತ ಬಂದೆ," ಎಂದಳು. ಖಾಲಿ ಬೆಂಚನ್ನು ನೋಡಿ, "ಮುಗೀತಾ?" ಎಂದು ಕೇಳಿದಳು. ಇನ್ನೆರಡು ದಿನ ತಾಳಮ್ಮ ಎಂದು ಹೇಳಿ ಕಳಿಸಿ, ಮಗನಿಗೆ ಫೋನ್ ಮಾಡಿ ಕರೆಸಿದೆ. ಮಗಳೂ ಬಂದಳು.

"ಮಧ್ಯದಲ್ಲಿದ್ದದ್ದನ್ನ ಗೋಡೆಗೆ ಸರಿಸಿದ್ದು ಯಾರು?" ಎಂದಳು ಮಗಳು, ನಾನು ಏನೂ ಕೇಳುವ ಮೊದಲೇ.

"ಸರಿಸಿದೆ. ಕೊಡು ಅಂತ ನಾನು ಅಂದ್ನಾ? ಅರ್ಧ ಹೆಣೆದಿದೆ ಅಂತ ಕಣ್ಣಿಗೆ ಕಾಣ್ಲಿಲ್ವಾ ನಿನಗೆ?"

"ಗೋಡೆ ಪಕ್ಕ ಇದ್ದದ್ದು ಕೊಡೋದಕ್ಕೇ ಅಂತ ಈ ಮನೇಲಿ ಹುಟ್ಟಿದ ಎಲ್ಲರಿಗೂ ಗೊತ್ತು. ನೀನೊಬ್ಬನನ್ನ ಬಿಟ್ಟು."

"ನೋಡಿ ಅಪ್ಪ, ಸೇವೆ ಅಂದ್ರೆ ಇದೇ. ಕುರ್ಚಿ ಇನ್ನೊಬ್ಬರದು, ಪುಣ್ಯ ಇವಳದು."

"ನಿನ್ನದೇನು? ತಾಯಿ ಕೂತ ಜಾಗಕ್ಕೆ ಟೇಪ್ ಹಿಡಿಯೋದು."

"ಸಾಕು ನಿಲ್ಲಿಸಿ," ಎಂದೆ. "ನಾಳೆ ಬೆಳಿಗ್ಗೆ ಹೋಗಿ ತರೋಣ."

ಮಗಳ ಮುಖ ಸಪ್ಪಗಾಯಿತು. "ಕೊಟ್ಟದ್ದನ್ನ ವಾಪಸ್ ಕೇಳೋದಾ? ಅಲ್ಲಿ ಯಾರೋ ಪಾಪದವರು ಕೂತಿರ್ತಾರೆ ಅಪ್ಪ. ಟೈಲರಮ್ಮನಿಗೆ ಬೇರೆ ಒಂದು ನಾನೇ ತಂದ್ಕೊಡ್ತೀನಿ. ಇದ್ದದ್ದನ್ನ ಕೊಡಬೇಕು ಅಂತ ನೀವೇ ಹೇಳ್ಕೊಟ್ಟಿದ್ದು."

"ಇದ್ದದ್ದನ್ನ ಅಂದೆ. ಇನ್ನೊಬ್ಬರದನ್ನ ಅನ್ನಲಿಲ್ಲ. ಅಲ್ಲದೆ ನನಗೆ ಬೇಕು ಆ ಕುರ್ಚಿ. ಪಾಪದವರಿಗಿಂತ ಮೊದಲು ನನಗೆ ಬೇಕು."

ಮಗ ನನ್ನ ಹೆಗಲ ಮೇಲೆ ಕೈ ಹಾಕಿದ. "ಈಗ ಹೇಳಿದ್ರಿ ನೋಡಿ. ಇಷ್ಟು ವರ್ಷದಲ್ಲಿ ಮೊದಲನೇ ಸಲ ನಿಮಗೇನು ಬೇಕು ಅಂತ ಹೇಳಿದ್ರಿ."

ಅದೇ ಮಾತನ್ನು ತಿಂಗಳಿಂದ ಅವನ ಕಿವಿಗೆ ಊದುತ್ತಿದ್ದೆ. ಹೆಗಲ ಮೇಲಿನ ಕೈಯನ್ನು ತೆಗೆದು ಹಾಕಿದೆ.

ಮರುದಿನ ಬೆತ್ತದ ಸುರುಳಿಯನ್ನು ಚೀಲಕ್ಕೆ ಹಾಕಿಕೊಂಡು ಮೂವರೂ ಹೋದೆವು. ವೃದ್ಧಾಶ್ರಮದ ಉದ್ದನೆಯ ಪಡಸಾಲೆಯಲ್ಲಿ, ಕಿಟಕಿಗಳ ಕೆಳಗೆ, ನಮ್ಮ ಗೋಡೆಯ ಪಕ್ಕದ ಕುರ್ಚಿಗಳು ಸಾಲಾಗಿ ನಿಂತಿದ್ದವು. ಕಡೆಯದು ಟೈಲರಮ್ಮನದು. ಅದರ ಮೇಲೆ ಯಾರೋ ಒಂದು ಹಲಗೆ ಹಾಸಿದ್ದರು. ಹಲಗೆಯ ಮೇಲೆ ದಪ್ಪ ಕನ್ನಡಕದ, ಗಟ್ಟಿ ಮೈಕಟ್ಟಿನ ಮುದುಕಿಯೊಬ್ಬಳು ಕುಳಿತು ಬಿಸಿಲಿಗೆ ಕಾಲು ಚಾಚಿದ್ದಳು. ಎಲ್ಲರೂ ಅವಳನ್ನು ಕಂಡಕ್ಟರಮ್ಮ ಎನ್ನುತ್ತಿದ್ದರು. ಕೆಲಸದಲ್ಲಿದ್ದಷ್ಟು ಕಾಲ ಬಸ್ಸಿನಲ್ಲಿ ಟಿಕೆಟು ಹರಿದವಳಂತೆ.

ಮಗಳು ಕ್ಷಮಾಪಣೆ ಕೇಳುತ್ತ ಶುರು ಮಾಡಿದಳು. ಸುತ್ತಿ ಬಳಸಿ ಅವಳು ವಿಷಯಕ್ಕೆ ಬರುವಷ್ಟರಲ್ಲಿ ನನಗೆ ಸಹನೆ ತಪ್ಪಿತು. "ಈ ಕುರ್ಚಿ ತಪ್ಪಿ ಬಂದದ್ದು. ನನಗೆ ವಾಪಸ್ ಬೇಕು," ಎಂದೆ.

ಮುದುಕಿ ಅಲುಗಲಿಲ್ಲ. "ಬೇರೆ ಯಾವುದಾದ್ರೂ ತಗೊಂಡು ಹೋಗು."

"ಬೇರೆಯವು ನನಗೆ ಬೇಡ."

"ನನಗೂ ಬೇಡ. ಇದರ ಬೆನ್ನು ನನ್ನ ಬೆನ್ನಿಗೆ ಸರಿಯಾಗಿದೆ. ಕೆಲಸದಲ್ಲಿದ್ದಷ್ಟು ದಿನ ನಿಂತೇ ಇದ್ದೆ ನಾನು. ಕೂತಿರೋ ಸಾವಿರ ಜನರ ಮಧ್ಯೆ ನಿಂತವಳು ನಾನೊಬ್ಬಳೇ. ಈಗ ಕೂತಿದ್ದೀನಿ. ಎಬ್ಬಿಸ್ತೀಯಾ?"

"ಎಬ್ಬಿಸ್ತೀನಿ," ಎಂದೆ. "ಅದರ ಕೆಳಗಿರೋ ಎಳೆ ನನ್ನ ಹೆಂಡತಿ ಬಿಗಿದದ್ದು. ಅವಳು ಹೋದಳು. ನಿನ್ನ ಹಲಗೆ ಭಾರಕ್ಕೆ ಅವು ಕಿತ್ತುಹೋಗ್ತವೆ."

"ಅಪ್ಪ," ಎಂದು ಮಗಳು ನನ್ನ ತೋಳು ಹಿಡಿದಳು. ಮುದುಕಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ಸಂತಾಪ ಹೇಳುವ ಮುಖವಲ್ಲ ಅದು. ಚಿಲ್ಲರೆ ಸರಿಯಿದೆಯೇ ಎಂದು ನೋಡುವ ಮುಖ.

"ನನಗೇನು ಕೊಡ್ತೀಯಾ?"

"ಇದೇ ಬೆನ್ನಿನ ಕುರ್ಚಿ ಹುಡುಕಿ, ಹೊಸ ಬೆತ್ತ ಹಾಕಿ ಕೊಡ್ತೀನಿ."

"ಬಾಯಿಮಾತು ಬಸ್ಸಲ್ಲಿ ಬಹಳ ಕೇಳಿದ್ದೀನಿ, ಮುಂದಿನ ಸ್ಟಾಪಲ್ಲಿ ಕೊಡ್ತೀನಿ ಅನ್ನೋದು. ನನ್ನದು ಬರೋವರೆಗೂ ಇದು ಇಲ್ಲಿಂದ ಹೊರಗೆ ಹೋಗಲ್ಲ. ಬೇಕಾದ್ರೆ ನನ್ನ ಕಣ್ಣೆದುರು ಇಲ್ಲೇ ಕೂತು ಮುಗಿಸು."

"ಆಗಲಿ."

ನಮ್ಮ ವ್ಯವಹಾರ ಅಷ್ಟರಲ್ಲಿ ಮುಗಿಯಿತು. ಅವಳು ಎದ್ದು, ಹಲಗೆ ತೆಗೆದು ಬದಿಗಿಟ್ಟಳು. ನಾನು ಬಕೆಟ್ಟಿನಲ್ಲಿ ಬೆತ್ತ ನೆನೆಹಾಕಿದೆ. ಒದ್ದೆ ಬಟ್ಟೆಯಿಂದ ಹಳೆಯ ಎಳೆಗಳನ್ನು ಒತ್ತಿ ಒತ್ತಿ ನೆನೆಸಿದೆ. ಅಂಚಿನಲ್ಲಿ ಒಂದು ಎಳೆ ಆಗಲೇ ಮುರಿದಿತ್ತು. ಮಿಕ್ಕವು ಗಟ್ಟಿಯಾಗಿದ್ದವು. ಊಟದ ಮನೆಯಿಂದ ಎರಡು ಬೆಂಚು ತರಿಸಿ ಕುರ್ಚಿಯನ್ನು ನಡುವೆ ಏರಿಸಿದ ಮೇಲೆ, "ಕೆಳಗೊಬ್ಬರು ಬೇಕು," ಎಂದೆ.

"ನಾನು ಕೂರ್ತೀನಿ," ಎಂದಳು ಮಗಳು. "ಅಪ್ಪನಿಗೋಸ್ಕರ."

"ನಿನಗೆ ಇಷ್ಟ ಇದ್ರೆ ಕೂತ್ಕೋ," ಎಂದ ಮಗ. "ಅಪ್ಪನಿಗೋಸ್ಕರ ಅಂತ ಕೂತ್ರೆ ಅದು ಸುಳ್ಳು. ನಾಳೆ ಅದನ್ನೇ ಹೇಳ್ಕೊಂಡು ತಿರುಗ್ತೀಯ."

"ಇಷ್ಟ ಇರಲಿ ಬಿಡಲಿ, ಕೂರೋದು ಮುಖ್ಯ. ನಿನ್ನ ಹಾಗೆ ಲೆಕ್ಕ ಹಾಕ್ತಾ ನಿಂತ್ರೆ ಯಾರ ಕೆಲಸವೂ ಆಗಲ್ಲ."

"ಲೆಕ್ಕ ಹಾಕದೆ ಮಾಡಿದ್ದಕ್ಕೇ ಈಗ ಇಲ್ಲಿ ನಿಂತಿರೋದು."

"ಸರಿ, ನೀನೇ ಕೂತ್ಕೋ. ನಿನ್ನ ಸುಖಕ್ಕೇ ಕೂತ್ಕೋ."

"ನನಗೆ ಅದರಲ್ಲಿ ಸುಖ ಇಲ್ಲ ಅಂತ ಪ್ರಾಮಾಣಿಕವಾಗಿ ಹೇಳ್ತಿದ್ದೀನಿ. ಅಷ್ಟಾದ್ರೂ ಮಾಡ್ತಿದ್ದೀನಿ."

ಪಡಸಾಲೆಯ ಮುದುಕರೆಲ್ಲ ಇವರ ಕಡೆ ತಿರುಗಿ ಕೂತರು. ಬೆತ್ತ ನೆಂದು ಮೆತ್ತಗಾಗಿತ್ತು. ಹೊರಗೆ ತೆಗೆದು ಬಿಟ್ಟರೆ ಮತ್ತೆ ಒಣಗುತ್ತದೆ. ನಾನು ದೇವರ ಹೆಸರು ಹೇಳಿ, ಬೆಂಚು ಹಿಡಿದು, ಒಂದು ಮಂಡಿ ಊರಿ, ಇನ್ನೊಂದು ಮಂಡಿ ಊರಿ, ಕುರ್ಚಿಯ ಕೆಳಗೆ ನುಸುಳಿದೆ. ಮೇಲಿನಿಂದ ಒಂದೇ ಕೈಗೆ ಆಗದ ಕೆಲಸ; ಇಲ್ಲಿ ಎರಡೂ ಕೈ ಹಚ್ಚಿದರೆ ಹೇಗೋ ಜಗ್ಗಬಹುದು ಎಂದುಕೊಂಡೆ.

"ಅಯ್ಯೋ ಅಪ್ಪ, ಬನ್ನಿ ಈಚೆ," ಎಂದವು ಎರಡು ದನಿಗಳು.

"ಮೇಲೆ ಯಾರು?" ಎಂದು ಕೇಳಿದೆ.

"ನಾನು," ಎಂದಳು ಕಂಡಕ್ಟರಮ್ಮ, ಬಾಯಿ ಬಡಿದುಕೊಳ್ಳುತ್ತಿದ್ದ ನನ್ನ ಮಕ್ಕಳನ್ನು ಪಕ್ಕಕ್ಕೆ ಸರಿಸುತ್ತ. "ಒಳಗೆ ಹೋಗಿ, ಒಳಗೆ ಹೋಗಿ, ದಾರಿ ಬಿಡಿ. ಎಲ್ಲಿ ತೂರಿಸಬೇಕು ಹೇಳು."

ಮೂಲೆಯ ತೂತನ್ನು ಬೆರಳಿನಿಂದ ತಟ್ಟಿ ತೋರಿಸಿದೆ. ಎಳೆ ಇಳಿಯಿತು. ತಪ್ಪು ತೂತಿನಲ್ಲಿ ಇಳಿಯಿತು. ಹೇಳಿದೆ. ಮತ್ತೆ ತಪ್ಪಿತು. ಬೈದೆ. ಅವಳೂ ಬೈದಳು. ನೆಲದ ಸಿಮೆಂಟು ಮಂಡಿಗೆ ಒತ್ತುತ್ತಿತ್ತು, ನೀರು ತೊಟ್ಟಿಕ್ಕಿ ಅಂಗಿಯ ಕಾಲರಿನೊಳಗೆ ಇಳಿಯುತ್ತಿತ್ತು. ಎಳೆ ಸರಿಯಾದ ತೂತಿಗೆ ಬಂದಾಗ ಜಗ್ಗಿ, ಬಿಗಿದು, ಗಂಟು ಹಾಕಲು ಪಕ್ಕದ ಗಂಟುಗಳನ್ನು ನೋಡಿದೆ.

ಹೆಂಡತಿಯ ಗಂಟುಗಳು. ಕುರ್ಚಿಯ ಕೆಳಭಾಗ ಅವಳ ರಾಜ್ಯವಾಗಿತ್ತು. ತಿರುಗಿಸಿ ನೋಡಲು ಹೋದರೆ, ನನ್ನ ಮೇಲೆ ನಂಬಿಕೆ ಇಲ್ವಾ ಎಂದು ಶುರು ಮಾಡುತ್ತಿದ್ದಳು. ಎಳೆ ಮುಗಿದಲ್ಲಿ ಎರಡು ಗಂಟು ಹಾಕು, ಒಂದು ಸಾಲದು ಎಂದು ನಾನು ಪ್ರತಿ ಕುರ್ಚಿಗೂ ಹೇಳಿದ್ದೇನೆ. ಹಾಕಿದ್ದೀನಿ ರೀ, ಎಷ್ಟು ಸಲ ಹೇಳೋದು ಎಂದು ಪ್ರತಿ ಕುರ್ಚಿಗೂ ಅವಳು ಹೇಳಿದ್ದಾಳೆ. ಈಗ ಕಣ್ಣಿಗೆ ಒಂದು ಗೇಣು ದೂರದಲ್ಲಿ ನೋಡಿದರೆ, ಎಲ್ಲ ಕಡೆಯೂ ಒಂದೇ ಗಂಟು. ಒಂದು ಮೂಲೆಯಲ್ಲೂ ಎರಡಿಲ್ಲ. ಸಣ್ಣಗೆ, ಗಟ್ಟಿಯಾಗಿ, ಸುಖವಾಗಿ ಕೂತ ಒಂದೊಂದೇ ಗಂಟು.

ನನಗೆ ಸಿಟ್ಟು ನೆತ್ತಿಗೇರಿತು. ಮದುವೆಯಾದಂದಿನಿಂದ ನನಗೆ ಸುಳ್ಳು ಹೇಳಿಕೊಂಡು, ತನ್ನ ಪಾಡಿಗೆ ತಾನು ಬೇಗ ಮುಗಿಸಿ, ಹೋಗಿ ನಿದ್ದೆ ಮಾಡಿದ್ದಾಳೆ. ಆದರೂ ಒಂದೇ ಒಂದು ಕುರ್ಚಿಯನ್ನೂ ಸಡಿಲವಾಯಿತೆಂದು ಯಾರೂ ವಾಪಸ್ ತಂದಿಲ್ಲ. ಇದನ್ನು ಅವಳ ಮುಂದೆ ಇಟ್ಟು ಜಗಳ ತೆಗೆಯಬೇಕಾಗಿತ್ತು. ಅವಳು ಏನನ್ನುತ್ತಿದ್ದಳೆಂದು ಊಹಿಸಲೂ ಬಲ್ಲೆ. ಊಹಿಸಿ ಏನು ಮಾಡಲಿ? ಜಗಳಕ್ಕೆ ಎದುರಾಳಿ ಬೇಕು. ಹೊರಗೆ ನನ್ನ ಮಗ ಅವಳ ನಷ್ಟದ ಬಗ್ಗೆಯೂ ಮಗಳು ಅವಳ ತ್ಯಾಗದ ಬಗ್ಗೆಯೂ ಇನ್ನೂ ಮಾತಾಡುತ್ತಿದ್ದರು. ಕರೆದು ತೋರಿಸೋಣವೆಂದುಕೊಂಡೆ. ಅದಕ್ಕೂ ಅವರು ಎರಡು ಅರ್ಥ ಹೇಳುತ್ತಿದ್ದರು.

ನನ್ನ ಎಳೆಗೆ ಗಂಟು ಹಾಕಿದೆ. ಒಂದು ಬಿತ್ತು. ಎರಡನೆಯದಕ್ಕೆ ಬೆರಳು ಸುತ್ತಲು ನೋಡಿದೆ. ಕತ್ತು ಹಿಡಿದುಕೊಂಡಿತ್ತು, ಗೆಣ್ಣುಗಳು ಚುರುಗುಟ್ಟುತ್ತಿದ್ದವು, ಎರಡನೆಯದನ್ನು ಅಲ್ಲಿಗೇ ಬಿಟ್ಟೆ.

"ಏನಯ್ಯ, ನಿದ್ದೆ ಬಂತಾ ಅಲ್ಲಿ?" ಎಂದಳು ಕಂಡಕ್ಟರಮ್ಮ ಮೇಲಿನಿಂದ. "ಗಟ್ಟಿಯಾಗಿ ಹಾಕಿದ್ಯಾ ಗಂಟು? ನನ್ನದಕ್ಕೂ ಹೀಗೇ ತಾನೆ ನೀನು ಹಾಕೋದು?"

"ಎರಡು ಹಾಕಿದ್ದೀನಿ," ಎಂದೆ. "ಎಷ್ಟು ಸಲ ಹೇಳೋದು? ಮುಂದಿನದು ಇಳಿಸು."